ಮೂರರಲ್ಲಿ ಬೇರೆಯದು

ಚಮಚದ ಅಂಚು ತಣ್ಣಗಿದೆ, ಕೆಳತುಟಿಗೆ ತಾಗಿದ ಕೂಡಲೇ ಹಲ್ಲಿನ ಡಾಕ್ಟರರ ಪುಟ್ಟ ಕನ್ನಡಿ ನೆನಪಾಗುತ್ತದೆ, ಬೇಡ, ಈಗ ಹಲ್ಲು ಬೇಡ, ಡಾಕ್ಟರು ಬೇಡ, ಎದುರಿಗಿರುವ ಈ ಮೂರು ಬಟ್ಟಲು ಸಾಕು — ಹಿಡಿಯಿಲ್ಲದ ಬಿಳಿ ಬಟ್ಟಲು, ಮೂರರಲ್ಲೂ ಅದೇ ಕಂದು ಬಣ್ಣ, ಎರಡರಲ್ಲಿ ಒಂದೇ ಕಾಫಿ, ಒಂದರಲ್ಲಿ ಬೇರೆ, ಆ ಬೇರೆಯದನ್ನು ಹುಡುಕಿ ಮುಂದಿನ ಗೆರೆಯಾಚೆ ತಳ್ಳಬೇಕು, ಅಷ್ಟೇ ಆಟ, ಇಂಥ ಎಂಟು ಸಾಲು, ಎಂಟು ನಿಮಿಷದೊಳಗೆ, ಇದಕ್ಕೂ ಸ್ಪರ್ಧೆ ಮಾಡ್ತಾರಾ ಎಂದು ನನ್ನ ಗಂಡ ನಕ್ಕಿದ್ದ, ನಗಲಿ, ಸೊರ್ ಎಂದು ಎಳೆದೆ, ಕಾಫಿ ನಾಲಿಗೆಯ ತುಂಬ ತುಂತುರಾಗಿ ಹರಡಿತು, ಲೋಟಕ್ಕೆ ಉಗುಳಿದೆ, ಎರಡನೆಯದು, ಸೊರ್, ಉಗುಳು, ಮೂರನೆಯದು — ಇದು. ಇದರಲ್ಲಿ ಹುಳಿ ಮುಂದೆ ಬಂದು ನಿಂತಿದೆ, ಬಸ್ಸಿನ ಬಾಗಿಲಲ್ಲಿ ನಿಂತವರ ಹಾಗೆ, ಒಳಗೂ ಹೋಗುವುದಿಲ್ಲ, ಇಳಿಯುವುದೂ ಇಲ್ಲ. ಬಸ್ಸು ಯಾಕೆ ಬಂತು ಈಗ, ಮಾವನಿಂದ ಬಂತು, ಅವರು ಅಲ್ಲಿ ಎರಡನೇ ಸಾಲಿನ ಕುರ್ಚಿಯಲ್ಲಿ ಕೂತಿದ್ದಾರೆ, ಗಂಡನ ಅಪ್ಪ, ಬಸ್ಸು ಹತ್ತಿ ಇಳಿದು ಟಿಕೆಟ್ ತಪಾಸಣೆ ಮಾಡಿಯೇ ತಲೆ ನರೆಸಿಕೊಂಡವರು, ಈ ಸೆಕೆಯಲ್ಲೂ ಮೂಗಿನ ತನಕ ಮಫ್ಲರ್ ಸುತ್ತಿಕೊಂಡು ಬಂದಿದ್ದಾರೆ, ಪಕ್ಕದವರು ಯಾವ ರೋಗವೋ ಏನೋ ಎಂದು ಒಂದು ಕುರ್ಚಿ ಬಿಟ್ಟು ಕೂತಿದ್ದಾರೆ, ರೋಗವೂ ಇಲ್ಲ ರುಜಿನವೂ ಇಲ್ಲ, ನಾನು ಅವರ ಮುಖ ಓದಬಾರದು ಅಷ್ಟೇ. ಮೂರನೆಯದನ್ನು ತಳ್ಳಿದೆ. ಮುಂದಿನ ಸಾಲು.

ಸೊರ್. ಮೈಕ್ ಹಿಡಿದವನು ಮಾತಾಡುತ್ತಲೇ ಇದ್ದಾನೆ, ಬಾಯಿಗೆ ಬೀಗವಿಲ್ಲದವನು, ಹೋದ ವರ್ಷವೂ ಇವನೇ, ಇದೇ ಗುಂಗುರು ಕೂದಲು, ಇದೇ ಕುಣಿಯುವ ಕಾಲು, ಈಗ ಬರ್ತಿದ್ದಾರೆ ನೇರ ಮನೆಯಿಂದ ಬಂದ ಸ್ಪರ್ಧಿ, ಯಾವ ಕೆಫೆಯೂ ಇಲ್ಲ, ಯಾವ ಕಂಪನಿಯೂ ಇಲ್ಲ, ಬರೀ ಅಡುಗೆಮನೆ, ಒಂದು ಜೋರು ಚಪ್ಪಾಳೆ ಕೊಡಿ ಎಂದಿದ್ದ, ಕೊಟ್ಟರು, ಶಾಲೆಯ ವೇದಿಕೆಯ ಮೇಲೆ ಪದ್ಯ ಮರೆತ ಮಗುವಿಗೆ ಕೊಡುವಂಥ ಚಪ್ಪಾಳೆ, ಆಮೇಲೆ ನಾನು ಎಂಟರಲ್ಲಿ ಎರಡು ಸರಿ ಮಾಡಿ ಇಳಿದಾಗ ಅದಕ್ಕಿಂತ ಜೋರಾಗಿ ಕೊಟ್ಟರು, ಆ ಎರಡನೇ ಚಪ್ಪಾಳೆಗೆ ನನ್ನ ಮೈಯೆಲ್ಲ ಉರಿದುಹೋಯಿತು. ಅವತ್ತೇ ತೀರ್ಮಾನಿಸಿದ್ದು, ಮತ್ತೆ ಬರುತ್ತೇನೆ, ಏನೇ ಆಗಲಿ ಬರುತ್ತೇನೆ, ಆ ಕೈಗಳು ಚಪ್ಪಾಳೆ ಮರೆತು ಮಡಿಲಲ್ಲಿ ಬೀಳಬೇಕು ಹಾಗೆ ಬರುತ್ತೇನೆ. ಎಡಗಡೆಯದು ಬೇರೆ, ಅನುಮಾನವೇ ಇಲ್ಲ, ತಳ್ಳು. ತೀರ್ಪುಗಾರರ ಪಕ್ಕದ ಕುರ್ಚಿಯಲ್ಲಿ ಹುರಿಯುವ ಮನೆಯ ಒಡತಿ ಕೂತಿದ್ದಾಳೆ, ಕಾಫಿ ಬೀಜ ಹುರಿದು ಮಾರುವವಳು, ನಮ್ಮ ಮನೆಗೆ ಬೀಜ ಬರುವುದು ಅವಳಲ್ಲಿಂದಲೇ, ಅವಳ ಹತ್ತಿರ ಮೂಟೆ ಮೂಟೆಯ ರುಚಿ ನೋಡಿ ಇದು ಬೇಕು ಇದು ಬೇಡ ಎಂದು ಹೇಳುವ ಒಂದು ಕೆಲಸ ಖಾಲಿ ಇದೆ, ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಳು, ನೋಡಮ್ಮ, ನಿನ್ನ ನಾಲಿಗೆ ಒಳ್ಳೇದು ಅಂತ ನಾನೊಬ್ಳೇ ಹೇಳಿದ್ರೆ ನನ್ ಪಾಲುದಾರರು ಸೊಪ್ಪು ಹಾಕಲ್ಲ, ಫೈನಲ್‌ಗೆ ಬಾ, ಬಂದು ನನ್ನ ಮೇಜಿಗೆ ಕೂತ್ಕೋ. ಆ ಮೇಜು ನೋಡಿದ್ದೇನೆ, ಉದ್ದದ ಮೇಜು, ಉತ್ತರದ ಬೆಳಕು, ಸಾಲು ಬಟ್ಟಲುಗಳು, ಅಲ್ಲಿ ಕೂತವಳನ್ನು ಯಾರೂ ಮನೆಯಿಂದ ಬಂದವಳು ಎನ್ನುವುದಿಲ್ಲ. ಫೈನಲ್‌ಗೆ ನಾಲ್ಕು ಜನ. ಆರು ಸರಿ ಮಾಡಿದವರು ಆಗಲೇ ನಾಲ್ವರು ಇದ್ದಾರೆ, ನಾನು ಕೊನೆಯವಳು, ಎಲ್ಲರಿಗಿಂತ ನಿಧಾನ ಬೇರೆ, ಸಮ ಬಂದರೆ ಬೇಗ ಮುಗಿಸಿದವರದೇ ಮೇಲು, ಹಾಗಾಗಿ ನನಗೆ ಏಳು ಬೇಕು, ಒಂದೇ ಒಂದು ತಪ್ಪಬಹುದು, ಎರಡು ತಪ್ಪಿದರೆ ಕೈ ತೊಳೆದುಕೊಂಡು ಮನೆಗೆ.

ಮೂರನೇ ಸಾಲು, ಮೂರೂ ಒಂದೇ ಥರ ಇವೆ, ಮೂರೂ ಒಂದೇ ತಾಯಿಯ ಮಕ್ಕಳ ಹಾಗೆ ಮುಖ ಮಾಡಿಕೊಂಡಿವೆ, ಗಂಡ ಹಾಗೇ ಮಾಡಿದ್ದನಲ್ಲ, ಮೊದಮೊದಲು ಅವನೇ ಸುರಿದು ಕೊಡುತ್ತಿದ್ದ, ನಾನೇ ಸುರಿದರೆ ಯಾವುದು ಯಾವುದೆಂದು ನನಗೇ ಗೊತ್ತಿರುತ್ತದೆ, ಒಂದು ಬೆಳಿಗ್ಗೆ ಮೂರಕ್ಕೂ ಒಂದೇ ಕಾಫಿ ಸುರಿದು ನಾನು ಹುಡುಕಾಡುವುದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ, ಅಡುಗೆಕಟ್ಟೆಯ ಮೇಲೆ ಮಿಕ್ಸಿ ಕಿಟಕಿಗೆ ಒತ್ತಿಕೊಂಡಿತ್ತು, ಗ್ರೈಂಡರ್, ತಕ್ಕಡಿ, ಕೊಕ್ಕರೆ ಕತ್ತಿನ ಕೆಟಲ್, ಬೀಜದ ಡಬ್ಬಗಳು, ನಮ್ಮನೇಲಿ ಉಪ್ಪಿಗೆ ಜಾಗ ಇಲ್ಲ ಕಾಫಿಗೆ ಬಂಗಲೆ ಇದೆ ಅಂದ, ನನಗೆ ಅಳು ಬಂತು, ಆಗ ಪೇಪರಿನ ಹಿಂದಿನಿಂದ ಮಾವ, ಬಿಡಮ್ಮ, ನಾನ್ ಮಾಡ್ತೀನಿ. ಮದುವೆಯಾಗಿ ಇಷ್ಟು ವರ್ಷ ನಾವಿಬ್ಬರೂ ಆಡಿದ ಮಾತೆಂದರೆ ಮಾತ್ರೆ ತಗೊಂಡ್ರಾ, ಕರೆಂಟ್ ಹೋಯ್ತಾ, ಬಾಗಿಲು ಹಾಕಮ್ಮ, ಅಷ್ಟೇ, ಅವರು ಕಾಫಿ ಕುಡಿಯುವವರೂ ಅಲ್ಲ, ಬರೀ ಬಿಸಿನೀರು. ಆದರೆ ಕೆಲಸ ಹಿಡಿದರೆಂದರೆ ಹಿಡಿದರು, ಕೆಟಲ್ ಹಿಡಿದು ಸಣ್ಣ ಧಾರೆಯಲ್ಲಿ ಸುರಿಯುವುದನ್ನು ಕಲಿತರು, ಸ್ಪರ್ಧೆಯಲ್ಲಿರುವ ಹಾಗೆಯೇ ಕೆಂಪು ಚುಕ್ಕೆಯ ಸ್ಟಿಕ್ಕರ್ ಹಾಳೆ ತಂದು ಬೇರೆ ಬಟ್ಟಲಿನ ತಳಕ್ಕೆ ಒಂದೊಂದು ಚುಕ್ಕೆ ಅಂಟಿಸಿದರು, ಅಡುಗೆಮನೆ ಬಾಗಿಲಿಗೆ ಹಳೇ ಬೆಡ್‌ಶೀಟ್ ಕಟ್ಟಿ ಅದರ ಹಿಂದೆ ಸುರಿದರು, ಬಟ್ಟಲು ತಂದು ಊಟದ ಮೇಜಿನ ಮೇಲಿಟ್ಟು ಎದುರು ಕೂತು ಮಫ್ಲರ್ ಮೇಲೆಳೆದುಕೊಂಡರು, ನನ್ ಮುಖ ನೋಡ್ಬೇಡ, ಮುಖ ನೋಡೇ ಟಿಕೆಟ್ ಇಲ್ದೋನ್ನ ಹಿಡೀತಿದ್ದೋನು ನಾನು, ಮುಖ ಎಲ್ಲಾ ಹೇಳ್ಬಿಡುತ್ತೆ. ಮಫ್ಲರ್ ಮೇಲೆ ಎರಡು ಕಣ್ಣು, ರೆಪ್ಪೆ ಕೂಡ ಹೊಡೆಯುತ್ತಿರಲಿಲ್ಲ, ನಾನು ಒಂದನ್ನು ಮುಂದೆ ತಳ್ಳಿದರೆ ಅದನ್ನು ಎತ್ತಿ ತಳ ತೋರಿಸುತ್ತಿದ್ದರು, ಕೆಂಪು ಚುಕ್ಕೆ. ನಡುವಿನದು ಇರಬೇಕು ಇಲ್ಲಿ, ನಡುವಿನದರಲ್ಲಿ ಏನೋ ತೆಳು ಇದೆ, ಇರಬೇಕು, ತಳ್ಳಿದೆ, ಕೈ ತಳ್ಳಿತು ಮನಸ್ಸು ತಳ್ಳಲಿಲ್ಲ, ಹೋಗಲಿ, ಒಂದು ತಪ್ಪಬಹುದು ನನಗೆ.

ನಾಲ್ಕನೇ ಸಾಲು. ಇದು ಸುಲಭ, ಬಲಗಡೆಯದರಲ್ಲಿ ಸುಟ್ಟ ವಾಸನೆ, ತಳ್ಳು. ಇದು ಚೆನ್ನಾಗಿ ಕಾಣುತ್ತಾ, ಅದು ಚೆನ್ನಾಗಿ ಕಾಣುತ್ತಾ, ಮೊದಲನೇದಾ ಎರಡನೇದಾ — ಅದೂ ಇದೇ ಆಟವಲ್ಲವೇ, ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನಾನು ಕೇಳುವ ಪ್ರಶ್ನೆ, ಜನರ ಮೂಗಿನ ಮೇಲೆ ಆ ಭಾರದ ಚೌಕಟ್ಟು ಕೂರಿಸಿ ಗಾಜು ಬದಲಿಸುತ್ತ ಕೇಳುತ್ತೇನೆ, ಜನ ಪಾಪ ಪರೀಕ್ಷೆಗೆ ಕೂತವರ ಹಾಗೆ ಬೆವರುತ್ತಾರೆ, ಎರಡೂ ಒಂದೇ ಥರ ಇದ್ದರೂ ಎರಡನೇದು ಮೇಡಂ ಎಂದು ಧೈರ್ಯವಾಗಿ ಕಾಗೆ ಹಾರಿಸುತ್ತಾರೆ, ನನ್ನ ದನಿಯಲ್ಲೇ ಉತ್ತರ ಹುಡುಕುತ್ತಾರೆ, ಹಾಗೆಂದೇ ನಾನು ದನಿ ಏರಿಳಿಸದೆ ಕೇಳುವುದನ್ನು ರೂಢಿಸಿಕೊಂಡಿದ್ದೇನೆ. ಆ ಲಾರಿ ಡ್ರೈವರ್. ಕಣ್ಣಿನ ಸರ್ಟಿಫಿಕೇಟ್‌ಗೆ ಬಂದವನು, ಗೋಡೆಯ ಹಲಗೆಯ ಕಟ್ಟಕಡೆಯ ಸಾಲನ್ನು, ಇರುವೆ ಗಾತ್ರದ ಅಕ್ಷರಗಳನ್ನು, ನೀರು ಕುಡಿದ ಹಾಗೆ ಓದಿಬಿಟ್ಟ, ನಮ್ಮಂಗಡಿಯ ಕಣ್ಣಿನ ಡಾಕ್ಟರಿಗೆ ಅನುಮಾನ ಬಂದು ಹಲಗೆ ಬದಲಿಸಿದರು, ಅದನ್ನೂ ಗಡಗಡನೆ ಓದಿದ, ಹಳೇ ಹಲಗೆಯ ಅಕ್ಷರಗಳನ್ನೇ, ನಾನು ನಕ್ಕೂ ನಕ್ಕೂ ಕಣ್ಣಲ್ಲಿ ನೀರು. ಅವನು ನಗಲಿಲ್ಲ. ಬಾಯಿಪಾಠ ಮಾಡಿಲ್ಲ ಸಾರ್, ಸತ್ಯವಾಗ್ಲೂ ಮಾಡಿಲ್ಲ, ಬೆಳಿಗ್ಗೆಯಿಂದ ಆ ಬೆಂಚಲ್ಲಿ ಕೂತಿದ್ದೆ, ಕಣ್ಣೆದುರಿಗೇ ಇತ್ತು ಹಲಗೆ, ಜನ ಓದ್ತಾ ಇದ್ರು, ಅದು ಹೇಗೋ ಒಳಗೆ ಹೋಗಿದೆ, ನಾನು ಓದ್ತಿದೀನಿ ಅಂತಲೇ ಅಂದ್ಕೊಂಡಿದ್ದೆ. ಡಾಕ್ಟರು ನಂಬಲಿಲ್ಲ. ನಾನೂ ನಂಬಲಿಲ್ಲ. ಮುಖ ಸಣ್ಣ ಮಾಡಿಕೊಂಡು ಬಾಗಿಲು ದಾಟಿ ಹೋದ ಅವನ ಬೆನ್ನು ಈಗ ಕಣ್ಣ ಮುಂದೆ ಬರುತ್ತದೆ, ಅವನನ್ನು ಕರೆದು ಕೂರಿಸಿ ನಂಬಿದ್ದೇನೆ ಕಣಪ್ಪ ಎನ್ನಬೇಕೆನಿಸುತ್ತದೆ.

ಯಾಕೆಂದರೆ ನನಗೂ ಎಂಟಕ್ಕೆ ಎಂಟು ಬರತೊಡಗಿತ್ತು. ಬೆಳಿಗ್ಗೆ ಬೆಳಿಗ್ಗೆ ಮೇಜಿನ ಮುಂದೆ ಕೂತರೆ ಸೊರ್, ಸೊರ್, ಸೊರ್, ತಳ್ಳು, ಕೆಂಪು ಚುಕ್ಕೆ, ಸೊರ್, ತಳ್ಳು, ಕೆಂಪು ಚುಕ್ಕೆ, ಅಂಗಡಿಗೆ ಹೋಗುವ ದಾರಿಯುದ್ದಕ್ಕೂ ನೆಲ ಮುಟ್ಟದೆ ನಡೆಯುತ್ತಿದ್ದೆ, ಗಂಡನೂ ನಗುವುದನ್ನು ನಿಲ್ಲಿಸಿ ಪಕ್ಕದ ಮನೆಯವರಿಗೆ ನನ್ನ ನಾಲಿಗೆಯ ಗುಣಗಾನ ಮಾಡಿಕೊಂಡು ಬಂದ, ಒಬ್ಬರು ಮಾತ್ರ ಖುಷಿಪಡಲಿಲ್ಲ. ಐದನೇ ಸಾಲು, ಎಡಗಡೆ, ತಳ್ಳು. ಒಂದು ಬೆಳಿಗ್ಗೆ ಮಾವ ಬಟ್ಟಲುಗಳನ್ನಿಟ್ಟು ಎಂದಿಗಿಂತ ಹಿಂದಕ್ಕೆ ಸರಿದು ಕೂತರು, ನಾನು ಎಂದಿನಂತೆ ಎಳೆದೆ, ಎಂದಿನಂತೆ ತಳ್ಳಿದೆ, ಅವರು ಎತ್ತಿದರು, ಬರೀ ಬಿಳಿ ತಳ. ಎರಡನೇ ಸಾಲು, ಬಿಳಿ. ಮೂರನೆಯದು, ಬಿಳಿ. ಎಂಟೂ ಬಿಳಿ, ಕಣ್ಣು ಮುಚ್ಚಿ ತಳ್ಳಿದರೂ ಒಂದಾದರೂ ಸರಿ ಬರುತ್ತದೆ, ಎಂಟೂ ತಪ್ಪಬೇಕಾದರೆ ಅದಕ್ಕೂ ಒಂದು ಕಾರಣ ಬೇಕು, ಮಾವ ಮಫ್ಲರ್ ಕೆಳಗೆಳೆದರು. ಸಿಕ್ಕಿಬಿದ್ದೆ ನೀನು ಅಂದರು. ಏನು ಅಂದೆ. ದಿನಾ ಜೋಡಿ ಕಾಫಿನ ಮೊದ್ಲು ಸುರೀತಿದ್ದೆ, ಕಲಸಿ ಹೋಗಬಾರ್ದು ಅಂತ, ಬೇರೇದನ್ನ ಆಮೇಲೆ ಮಾಡಿ ಕೊನೇಲಿ ಸುರೀತಿದ್ದೆ, ಕೊನೇದು ಬಿಸಿ ಇರುತ್ತೆ, ನೀನು ಬಿಸಿ ನೋಡಿ ತಳ್ತಿದ್ದೆ, ಇವತ್ತು ಬೇರೇದನ್ನ ಮೊದ್ಲು ಸುರಿದೆ, ನೀನು ಮತ್ತೆ ಬಿಸೀದನ್ನೇ ತಳ್ಳಿದೆ, ಎಂಟಕ್ಕೆ ಎಂಟು ಯಾರಿಗೂ ಬರಲ್ಲಮ್ಮ, ಕೇಳೋ ಮುಂಚೆನೇ ಟಿಕೆಟ್ ಅಂತ ಜೇಬಿಗೆ ಕೈ ಹಾಕೋನ ಜೇಬಲ್ಲಿ ಏನೂ ಇರಲ್ಲ. ನನಗೆ ಗೊತ್ತಿರ್ಲಿಲ್ಲ ಮಾವ, ನನಗೇ ಗೊತ್ತಿರ್ಲಿಲ್ಲ ಅಂದೆ, ಎಲ್ರೂ ಹಾಗೇ ಹೇಳ್ತಾರೆ ಅಂದರು, ನಾನೇನು ಟಿಕೆಟ್ ಇಲ್ಲದೆ ಹತ್ತಿದವಳಾ ಎಂದು ಕೂಗಿದೆ, ಮಾವನ ಎದುರು ನಾನು ದನಿ ಎತ್ತಿದ್ದು ಅದೇ ಮೊದಲು, ಬಟ್ಟಲುಗಳನ್ನು ಸಿಂಕಿಗೆ ಸುರಿದು ಅಂಗಡಿಗೆ ಹೋದೆ, ದಿನವಿಡೀ ಯಾರ ಮೂಗಿನ ಮೇಲೂ ಚೌಕಟ್ಟು ನೆಟ್ಟಗೆ ಕೂರಲಿಲ್ಲ.

ನಾಲಿಗೆ ಅಲ್ಲ, ತುಟಿ. ಇಷ್ಟು ದಿನ ತುಟಿ ಓದುತ್ತಿತ್ತು, ನಾಲಿಗೆ ಸುಮ್ಮನೆ ಕೂತು ಹೆಸರು ತೆಗೆದುಕೊಳ್ಳುತ್ತಿತ್ತು, ಹಾಗಾದರೆ ನನ್ನ ನಾಲಿಗೆಗೆ ಏನಾದರೂ ಗೊತ್ತಿದೆಯೇ, ಒಂದಾದರೂ ಗೊತ್ತಿದೆಯೇ, ಇಲ್ಲದಿದ್ದರೆ ಒಡತಿಯ ಮೇಜಿನ ಕನಸು ಯಾಕೆ, ಅಡುಗೆಕಟ್ಟೆ ಯಾಕೆ ಹಿಡಿಯಬೇಕು, ಮಿಕ್ಸಿಗಾದರೂ ಜಾಗ ಸಿಗಲಿ. ಆರನೇ ಸಾಲು — ನಡುವಿನದು, ಮೃದುವಾಗಿದೆ, ಸಿಹಿ ಹಿಂದೆ ಉಳಿಯುತ್ತದೆ, ಇದು ನಾಲಿಗೆ ಹೇಳಿದ್ದು, ತುಟಿ ಅಲ್ಲ, ತಳ್ಳು. ಮಾರನೇ ಬೆಳಿಗ್ಗೆ ನಾನು ಏಳುವ ಮೊದಲೇ ಬೆಡ್‌ಶೀಟ್ ಕಟ್ಟಿದ್ದರು ಮಾವ, ಮೇಜಿನ ಮೇಲೆ ಬಟ್ಟಲುಗಳು, ಮಫ್ಲರ್ ಕುತ್ತಿಗೆಯಲ್ಲೇ ಇತ್ತು, ಬಾ ಕೂತ್ಕೋ ಅಂದರು, ಮಾಡಲ್ಲ ಅಂದೆ, ಮುಟ್ಟಿ ನೋಡು ಅಂದರು, ಮುಟ್ಟಿದೆ, ಎಲ್ಲವೂ ಹೆಣದ ಹಾಗೆ ತಣ್ಣಗೆ, ಯಾವಾಗ ಎದ್ದು ಮಾಡಿಟ್ಟಿದ್ದರೋ, ನಿನ್ನೆ ನಿನ್ ಮುಖ ನೋಡ್ದೆ, ಸುಳ್ಳು ಹೇಳೋರ ಮುಖ ಹಾಗಾಗಲ್ಲ, ನಂಗೆ ಗೊತ್ತಿತ್ತು, ಬಾಯಿಗೆ ಬಂದಿದ್ದು ಬಂದುಬಿಡ್ತು, ಈಗ ತಣ್ಣಗಿದೆ, ಈಗ ಹೇಳು. ಅಷ್ಟೇ ಅವರ ಕ್ಷಮಾಪಣೆ. ತಣ್ಣನೆಯ ಕಾಫಿಯಷ್ಟು ಕೆಟ್ಟದ್ದು ಲೋಕದಲ್ಲಿ ಇನ್ನೊಂದಿಲ್ಲ, ಒಗರು, ಕಹಿ, ತೊಳೆದ ಪಾತ್ರೆಯ ನೀರು, ಎಂಟರಲ್ಲಿ ಎರಡು ಬಂತು, ಹೋದ ವರ್ಷದ ಅದೇ ಎರಡು, ನಾನು ಹಲ್ಲು ಕಚ್ಚಿಕೊಂಡೆ, ಮಾರನೇ ದಿನ ಮತ್ತೆ, ಮತ್ತೆ, ನಿಂಬೆ ಹನಿ ಬೆರೆಸಿದ ನೀರು, ಉಪ್ಪಿನ ಹರಳು ಹಾಕಿದ ನೀರು, ಬರೀ ನೀರು, ಕಣ್ಣು ಮುಚ್ಚಿ ನಾಲಿಗೆಗೆ ಅಕ್ಷರಮಾಲೆ ಕಲಿಸಿದ ಹಾಗೆ ಕಲಿಸಿದೆ, ಖಾರ ಬಿಟ್ಟೆ, ಗಂಡ ಸಪ್ಪೆ ಊಟ ಉಂಡು ಉಂಡು ನಾನೇನು ತಪ್ಪು ಮಾಡ್ದೆ ಎಂದು ಗೋಳಾಡಿದ, ಅಪ್ಪ ಸೊಸೆ ಇಬ್ರೂ ಸೇರಿ ನನ್ನ ಜೈಲಿಗೆ ಹಾಕಿದೀರಿ ಅಂದ, ಹಾಗಂದುಕೊಂಡೇ ಹೊರಗೆ ಕದ್ದು ತಿಂದು ಬರುತ್ತಿದ್ದ, ವಾಸನೆಯಲ್ಲೇ ಹಿಡಿಯುತ್ತಿದ್ದೆ. ಮೂರು ಬಂತು, ನಾಲ್ಕು ಬಂತು, ಮತ್ತೆ ಎರಡಕ್ಕೆ ಬಿತ್ತು, ಬಿದ್ದ ದಿನ ಮಾವನೇ ಬಟ್ಟಲು ತೊಳೆದರು, ಐದು ಬಂತು, ಆರು ಬಂದ ದಿನ ಮಫ್ಲರ್ ಹಿಂದೆ ಕೆನ್ನೆ ಉಬ್ಬಿದ್ದು ಕಂಡಿತು, ಕಂಡರೂ ಕಾಣದ ಹಾಗೆ ಕೂತೆ. ಈ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ನನ್ನ ಚಮಚದ ಡಬ್ಬಿ ಕೈಗೆ ಕೊಡುತ್ತ, ಟಿಕೆಟ್ ತಗೊಂಡೇ ಹತ್ತು ಅಂದರು, ಮದುವೆಯಾದಾಗಿನಿಂದ ಮಾವ ನನ್ನೊಡನೆ ಮಾಡಿದ ಮೊದಲ ತಮಾಷೆ ಅದು.

ಏಳನೇ ಸಾಲು, ಬಲಗಡೆ, ಇದೂ ನಾಲಿಗೆ, ತಳ್ಳು, ಚೆನ್ನಾಗಿ ಹೋಗುತ್ತಿದೆ, ಮೂರನೆಯದೊಂದು ಅನುಮಾನ, ಉಳಿದದ್ದೆಲ್ಲ ಗಟ್ಟಿ, ಕೊನೆಯದು, ಎಂಟನೇ ಸಾಲು. ಎಡಗಡೆಯದು ತುಟಿಗೆ ತಾಗಿತು, ಬೆಚ್ಚಗೆ. ನಡುವಿನದು ಬೆಚ್ಚಗೆ. ಬಲಗಡೆಯದು — ಬಿಸಿ. ಅಯ್ಯೋ. ತುಟಿ ಥಟ್ಟನೆ ಕೈ ಎತ್ತಿತು, ಇದೇ ಇದೇ ಇದೇ, ಹೋದ ಸಾಲುಗಳೆಲ್ಲ ಸುರಿದು ಹೊತ್ತಾಗಿ ಒಂದೇ ಹದಕ್ಕೆ ಬಂದಿದ್ದವು, ಇದನ್ನು ಎಲ್ಲಕ್ಕಿಂತ ಕೊನೆಗೆ ಸುರಿದಿದ್ದಾರೆ, ಸುರಿದವರು ಯಾರೋ ಮಾವನಂಥವರೇ, ಜೋಡಿ ಮೊದಲು, ಬೇರೆಯದು ಆಮೇಲೆ, ಕಲಸಿ ಹೋಗಬಾರದೆಂಬ ಎಚ್ಚರ, ಅಥವಾ ಹಾಗಲ್ಲ, ಸುಮ್ಮನೆ ಒಂದು ಬಟ್ಟಲು ಕಡಿಮೆಯಾಗಿ ಮತ್ತೆ ತುಂಬಿಸಿರಬಹುದು, ಯಾರಿಗೆ ಗೊತ್ತು, ನಾಲಿಗೆ ಏನು ಹೇಳುತ್ತದೆ, ಸೊರ್, ಬಿಸಿಗೆ ನಾಲಿಗೆ ಕುರುಡು, ಬರೀ ಬಿಸಿ ಎನ್ನುತ್ತದೆ, ಎಡಗಡೆಯದು ಸೊರ್, ಎಡಗಡೆಯದರಲ್ಲಿ ಒಂದು ಸಣ್ಣ ಹುಳಿ ಇದೆ, ಇದೆಯೇ, ನಡುವಿನದರಲ್ಲಿ ಅದು ಇಲ್ಲ, ಇರಬಹುದು, ಕಾಯಬೇಕು, ತಣ್ಣಗಾಗುವ ತನಕ ಕಾದರೆ ಹೇಳಬಲ್ಲೆ, ಕಾಯುವಂತಿಲ್ಲ, ಮೈಕಿನವನು ಎಣಿಕೆ ಶುರುಮಾಡಿದ್ದಾನೆ, ನಾಲಿಗೆ ಎಡಗಡೆ ಎನ್ನುತ್ತದೆ, ಮೆಲ್ಲಗೆ, ಅಳುಕುತ್ತ, ತುಟಿ ಬಲಗಡೆ ಎನ್ನುತ್ತದೆ, ಎದೆ ತಟ್ಟಿಕೊಂಡು. ಬಿಸಿ ನೋಡಿ ತಳ್ಳಬಾರದೆಂದು ಯಾವ ನಿಯಮವೂ ಇಲ್ಲ, ಯಾರೂ ಹಿಡಿಯುವುದಿಲ್ಲ, ಯಾರಿಗೂ ಗೊತ್ತೇ ಆಗುವುದಿಲ್ಲ, ಒಡತಿಯ ಉದ್ದದ ಮೇಜು, ಉತ್ತರದ ಬೆಳಕು — ಆ ಮೇಜಿಗೆ ಹೋಗಿ ಕೂತು ನಾಳೆ ತುಟಿಯಿಂದ ಏನು ಮಾಡಲಿ ನಾನು, ಅಲ್ಲಿ ಕೇಳುವುದು ನನ್ನ ನಾಲಿಗೆಯನ್ನು, ಅವರೆದುರು ದಿನಾ ಆ ಡ್ರೈವರನ ಹಾಗೆ ಹಳೇ ಹಲಗೆ ಓದುತ್ತ ಕೂರಲೇ, ಇಲ್ಲ. ನಾನು ಟಿಕೆಟ್ ತಗೊಂಡೇ ಹತ್ತುತ್ತೇನೆ. ಎಡಗಡೆಯದನ್ನು ತಳ್ಳಿದೆ. ಕೈ ಎತ್ತಿ ಮುಗಿಯಿತು ಎಂದೆ.

ಈಗ ಎತ್ತಬೇಕು, ಒಂದೊಂದಾಗಿ, ಸಭೆಗೆ ಕಾಣುವ ಹಾಗೆ, ಮೊದಲನೆಯದು ಕೆಂಪು ಚುಕ್ಕೆ, ಎರಡನೆಯದು ಕೆಂಪು ಚುಕ್ಕೆ, ಮೈಕಿನವನು ಕುಣಿಯುತ್ತಿದ್ದಾನೆ, ಮೂರನೆಯದು ಬಿಳಿ, ಗೊತ್ತಿತ್ತು ನನಗೆ, ಕೈಗೆ ಗೊತ್ತಿತ್ತು, ಸಭೆ ಅಯ್ಯೋ ಎಂದಿತು, ಆ ಅಯ್ಯೋ ಬೇಡ ನನಗೆ, ನಾಲ್ಕು ಕೆಂಪು ಚುಕ್ಕೆ, ಐದು ಕೆಂಪು ಚುಕ್ಕೆ, ಆರು, ಎತ್ತುವ ಬೆರಳು ಒದ್ದೆಯಾಗಿದೆ, ಕೆಂಪು ಚುಕ್ಕೆ, ಏಳು ಕೆಂಪು ಚುಕ್ಕೆ, ಈಗ ಸಭೆಯಲ್ಲಿ ಎದ್ದು ನಿಂತಿದ್ದಾರೆ ಕೆಲವರು, ಒಡತಿ ಕುರ್ಚಿಯ ತುದಿಗೆ ಬಂದಿದ್ದಾಳೆ, ಎಂಟನೆಯದನ್ನು ಎತ್ತಿದೆ, ಬಿಳಿ. ಬರೀ ಬಿಳಿ, ಹೊಸ ಬಟ್ಟಲಿನ ನುಣುಪಾದ ಬಿಳಿ ತಳ. ತೀರ್ಪುಗಾರ ಬಲಗಡೆಯದನ್ನು ಎತ್ತಿ ತೋರಿಸಿದ, ಅಲ್ಲಿತ್ತು ಚುಕ್ಕೆ, ಬಿಸಿಯದರ ಅಡಿಯಲ್ಲಿ. ಚಪ್ಪಾಳೆ ಬಂತು, ಹೋದ ವರ್ಷದ್ದೇ ಚಪ್ಪಾಳೆ, ಪಾಪ ಮನೆಯಿಂದ ಬಂದವಳು ಆರು ಮಾಡಿದಳು ಎನ್ನುವ ಚಪ್ಪಾಳೆ. ತುಟಿಯ ಮಾತು ಕೇಳಿದ್ದರೆ ಫೈನಲ್, ತುಟಿಯ ಮಾತು ಕೇಳಿದ್ದರೆ ಮೇಜು, ಹೊಟ್ಟೆ ಉರಿಯುತ್ತದೆ, ಸುಳ್ಳು ಹೇಳುವುದಿಲ್ಲ ನಾನು, ಯಾವ ಸಮಾಧಾನವೂ ಇಲ್ಲ ಈಗ, ಒಡತಿ ನನ್ನ ಕಡೆ ನೋಡಿ ತಲೆಯಾಡಿಸಿ ಎದ್ದು ಹೋದಳು, ಆ ಫೈನಲ್‌ಗೆ ಹೋದ ನಾಲ್ವರನ್ನು ಸುತ್ತುವರಿದ ಗುಂಪಿನ ಕಡೆಗೆ, ಅವಳದೇನು ತಪ್ಪು, ಹೇಳಿದ್ದನ್ನೇ ಮಾಡುತ್ತಿದ್ದಾಳೆ. ಮಾವ ವೇದಿಕೆಯ ಮೆಟ್ಟಿಲು ಹತ್ತಿ ಬಂದರು, ಮಂಡಿ ಹಿಡಿದುಕೊಂಡು, ಕೊನೇದು ಬಿಸಿ ಇತ್ತಾ ಅಂದರು. ಇತ್ತು. ಗೊತ್ತಾಯ್ತಾ ನಿಂಗೆ. ಗೊತ್ತಾಯ್ತು ಮಾವ. ಗೊತ್ತಾಗೂ ಎಡಗಡೆದು ತಳ್ಳಿದ್ಯಾ. ನಾಲಿಗೆ ಎಡಗಡೆ ಅಂತು. ಅವರ ಮಫ್ಲರ್ ಮೇಲಿನ ಕಣ್ಣು ನನ್ನ ಮುಖದ ಮೇಲೆ ನಿಂತವು, ಜೀವಮಾನವಿಡೀ ಮುಖ ಓದಿದ ಕಣ್ಣು, ಓದಿಕೊಳ್ಳಲಿ, ಮುಚ್ಚಿಡಲು ನನ್ನ ಹತ್ತಿರ ಏನಿದೆ. ನಾಲಿಗೆ ತಪ್ಪು ಹೇಳ್ತು ಹಾಗಾದ್ರೆ ಅಂದರು, ಹೂಂ ಅಂದೆ.

ಮೇಜು ಎತ್ತುವವರು ಬಂದಿದ್ದಾರೆ, ಉಳಿದ ಕಾಫಿ ಚೆಲ್ಲಿ ಬಟ್ಟಲುಗಳನ್ನು ಒಂದರೊಳಗೊಂದು ಪೇರಿಸುತ್ತಿದ್ದಾರೆ, ಮೊದಲ ಸಾಲು ಹೋಯಿತು, ಎರಡನೇ ಸಾಲು ಹೋಯಿತು, ಎಂಟನೇ ಸಾಲಿನ ಮೂರು ಬಟ್ಟಲು ಇನ್ನೂ ಅಲ್ಲೇ ಇವೆ, ನಾನು ಬಲಗಡೆಯದರ ಹೊಟ್ಟೆ ಮುಟ್ಟಿದೆ, ತಣ್ಣಗಾಗಿದೆ. ಮೂರೂ ತಣ್ಣಗಾಗಿವೆ. ಚಮಚ ಅದ್ದಿ ಎಳೆದೆ, ಇಲ್ಲ, ಹೀಗಲ್ಲ, ಚುಕ್ಕೆ ಎಲ್ಲಿದೆಯೆಂದು ಗೊತ್ತಿದ್ದವಳಿಗೆ ರುಚಿ ಗೊತ್ತಾಗದೆ ಇರುತ್ತದೆಯೇ, ಉತ್ತರ ಗೊತ್ತಿದ್ದವರಿಗೆ ಎಲ್ಲ ಅಕ್ಷರವೂ ಸ್ಪಷ್ಟ, ಮಾವ ಅಂದೆ, ಜಾಗ ಬದಲಾಯಿಸಿ ಅಂದೆ. ಅವರಿಗೆ ಎರಡನೇ ಮಾತು ಬೇಕಾಗಲಿಲ್ಲ. ಪೇರಿಸುತ್ತಿದ್ದವನ ಎದುರು ಅಂಗೈ ಚಾಚಿದರು, ಓಡುವ ಬಸ್ಸನ್ನು ನಿಲ್ಲಿಸಿದ ಅದೇ ಅಂಗೈ ಇರಬೇಕು, ಅವನು ನಿಂತೇಬಿಟ್ಟ, ಅಜ್ಜ ಫೈನಲ್‌ಗೆ ಮೇಜು ಹಾಕ್ಬೇಕು ಎಂದು ಗೊಣಗಿದ, ಹಾಕಪ್ಪ ಹಾಕು ಯಾರ್ ಬೇಡ ಅಂದ್ರು ಎಂದರು ಮಾವ, ನಾನು ಬೆನ್ನು ತಿರುಗಿಸಿ ನಿಂತೆ, ಬಟ್ಟಲು ಬಟ್ಟೆಯ ಮೇಲೆ ಸರಿಯುವ ಸದ್ದು, ಮತ್ತೆ ಸರಿಯುವ ಸದ್ದು, ಹೂಂ. ತಿರುಗಿದೆ. ಸೊರ್. ಸಪ್ಪೆ ಹುಳಿ. ಸೊರ್. ಅದೇ ಹುಳಿ, ಅದೇ ಹಿಂದಿನ ಕಹಿ. ಸೊರ್ — ಹುಳಿ ಇದೆ, ಕಹಿ ಇದೆ, ಅವೆರಡೂ ಇಳಿದುಹೋದ ಮೇಲೆ ನಾಲಿಗೆಯ ಹಿಂಭಾಗದಲ್ಲಿ ಒಂದು ಒಣ ಗೆರೆ, ಸೀಬೆಯ ಸಿಪ್ಪೆ ಕಚ್ಚಿದ ಹಾಗೆ, ಅಲ್ಲೇ ಇದ್ದೆಯಲ್ಲ ನೀನು, ಬಿಸಿಯ ಹಿಂದೆ ಕೂತಿದ್ದೆಯಲ್ಲ, ಇದು ಅಂದೆ, ಇದು ಮಾವ. ಎತ್ತಿದರು. ಕೆಂಪು ಚುಕ್ಕೆ. ಮೂರರಲ್ಲಿ ಒಂದು ಕುರುಡಿಗೂ ಸಿಗುತ್ತದೆ, ಇನ್ನೊಂದ್ಸಲ ಅಂದೆ. ಬೆನ್ನು ತಿರುಗಿಸಿದೆ. ಅತ್ತ ನಾಲ್ವರ ಹೆಸರು ಕೂಗುತ್ತಿದ್ದಾರೆ, ಚಪ್ಪಾಳೆ, ಯಾರದೋ ಹೆಸರು, ಚಪ್ಪಾಳೆ, ಬಟ್ಟಲು ಸರಿಯುವ ಸದ್ದು, ಹೂಂ, ಸೊರ್, ಸೊರ್, ಸೊರ್, ನಡುವಿನದು, ಎತ್ತಿ, ಕೆಂಪು ಚುಕ್ಕೆ. ಇನ್ನೊಂದ್ಸಲ ಮಾವ. ಮೇಡಂ ಮೇಜು. ಒಂದ್ನಿಮಿಷ ಕಣಪ್ಪ. ಸೊರ್, ಒಣ ಗೆರೆ, ಮೊದಲನೆಯದರಲ್ಲೇ ಇದೆ, ಉಳಿದೆರಡನ್ನೂ ನೋಡಿದೆ, ಇಲ್ಲ, ಅಲ್ಲಿಲ್ಲ, ಇಲ್ಲೇ, ಎತ್ತಿ — ಕೆಂಪು ಚುಕ್ಕೆ. ಇನ್ನೊಂದ್ಸಲ. ಬಟ್ಟಲಿನ ತಳದಲ್ಲಿ ಇನ್ನೊಂದು ಚಮಚದಷ್ಟು ಉಳಿದಿದೆ. ಸೊರ್. ಇದು. ಕೆಂಪು ಚುಕ್ಕೆ. ಮಾವನ ಕೈಯಲ್ಲಿ ಬಟ್ಟಲು, ಇಳಿಸುತ್ತಿಲ್ಲ, ಬಿಳಿ ತಳ, ನಡುವೆ ಕೆಂಪು ಚುಕ್ಕೆ, ಕೆಂಪು ಚುಕ್ಕೆ